ಬೆಟ್ಟ ಹತ್ತದೆ ಗಾಳಿ ತೂಗಿದವನು

ನಮ್ಮ ಚಿಕ್ಕಪ್ಪನ ಗ್ಯಾರೇಜಿನ ಕಿಟಕಿಯಲ್ಲಿ ಒಂದು ಪಿಸ್ಟನ್ ಇದೆ. ಅದರ ತಲೆಯ ಒಂದು ಅಂಚು ಬಿಸಿಲಿಗೆ ಇಟ್ಟ ಬೆಲ್ಲದ ಹಾಗೆ ಕರಗಿ ಕೆಳಗಿಳಿದಿದೆ. ಗಿರಾಕಿಗಳು ಅದನ್ನು ಕೈಗೆತ್ತಿಕೊಂಡು, ಇದಕ್ಕೇನಾಯಿತು ಅಂತ ಕೇಳುತ್ತಾರೆ. ಚಿಕ್ಕಪ್ಪ ಒಮ್ಮೆ ನನ್ನ ಕಡೆ ನೋಡಿ ಸುಮ್ಮನಾಗುತ್ತಾರೆ. ಅದನ್ನು ಕರಗಿಸಿದವನು ನಾನು.

ನಾನು ಬರೆಯಲು ಕೂತದ್ದು 1662ರಲ್ಲಿ ತೀರಿಕೊಂಡ ಒಬ್ಬ ಫ್ರೆಂಚ್ ಮನುಷ್ಯನ ಬಗ್ಗೆ. ಆದರೆ ಈ ಪಿಸ್ಟನ್ನಿನ ಕಥೆ ಹೇಳದೆ ಆತನ ಬಳಿಗೆ ಹೋಗುವ ದಾರಿ ನನಗೆ ಗೊತ್ತಿಲ್ಲ.

ನಮ್ಮೂರು ಚಿಕ್ಕಮಗಳೂರು. ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ರ‍್ಯಾಲಿ ಕಾರುಗಳು ಓಡುವುದನ್ನು ಚಿಕ್ಕಂದಿನಿಂದ ನೋಡಿ ಬೆಳೆದವನು ನಾನು. ಮೆಕ್ಯಾನಿಕಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ, ಚಿಕ್ಕಪ್ಪ ಎಲ್ಲಿಂದಲೋ ತಂದು ಮೂಲೆಗೆ ನಿಲ್ಲಿಸಿದ್ದ 1300 ಸಿಸಿಯ ಹಳೆಯ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸುತ್ತೇನೆಂದು ಹಟ ಹಿಡಿದೆ. ಟರ್ಬೊ ಮಾಡುವ ಕೆಲಸ ಕೇಳಲು ಸರಳ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಅದಕ್ಕೆ ತಕ್ಕಷ್ಟು ಹೆಚ್ಚು ಪೆಟ್ರೋಲ್ ಹೋಗಬೇಕು. ಎಷ್ಟು ಅನ್ನುವುದನ್ನು ಇಂಜಿನ್ನಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಬೇಕಾದ ಮುಖ್ಯ ಅಂಕಿ ಕೊಡುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪುಟ್ಟ ವಸ್ತು, ಮ್ಯಾಪ್ ಸೆನ್ಸರ್. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ ಒತ್ತಡ ಎಷ್ಟಿದೆಯೆಂದು ಅದು ವೋಲ್ಟಿನ ಭಾಷೆಯಲ್ಲಿ ಹೇಳುತ್ತದೆ.

ಕಾರಿನ ಜೊತೆಗೇ ಬಂದಿದ್ದ ಹಳೆಯ ಸೆನ್ಸರನ್ನು ನಾನು ಬದಲಿಸಲಿಲ್ಲ. ಅದು ಸುಮಾರು 105 ಕಿಲೋಪಾಸ್ಕಲ್‌ವರೆಗೆ ಮಾತ್ರ ನೋಡಬಲ್ಲದು. ಟರ್ಬೊ ಇಲ್ಲದ ಕಾರಿಗೆ ಅಷ್ಟು ಸಾಕು, ಅದರ ಕೊಳವೆಯಲ್ಲಿ ಒತ್ತಡ ಹೊರಗಿನ ಗಾಳಿಯನ್ನು ಮೀರುವುದೇ ಇಲ್ಲ. ಕಡೂರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೆಡಲ್ ಒತ್ತಿ ಹಿಡಿದಾಗ ಒಳಗೆ 150 ಆಗಿತ್ತು. ಸೆನ್ಸರ್ 105 ಅಂತಲೇ ಹೇಳುತ್ತ ಕೂತಿತ್ತು. ಕಂಪ್ಯೂಟರ್ ಅದನ್ನು ನಂಬಿ 105ರ ಗಾಳಿಗೆ ಸಾಕಾಗುವ ಪೆಟ್ರೋಲನ್ನು ಕಳಿಸಿತು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಒಳಗೆ ಕಾವು ಹುಚ್ಚಾಪಟ್ಟೆ ಏರುತ್ತದೆ. ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಕೇಳಿಸಿತು, ಆಮೇಲೆ ನೀಲಿ ಹೊಗೆ. ಚಿಕ್ಕಪ್ಪ ಆಯಿಲ್ ಇಳಿಸಿದಾಗ ಅದರಲ್ಲಿ ಅಲ್ಯುಮಿನಿಯಂ ಪುಡಿ ಮಿನುಗುತ್ತಿತ್ತು. ಅವರು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು ಟೀ ತರಿಸಿದರು. ಇಂಜಿನ್ ಮತ್ತೆ ಕಟ್ಟಲು ಖರ್ಚಾದದ್ದು ಅವರ ಮಗಳ, ಅಂದರೆ ನನ್ನ ತಂಗಿಯ, ಕಾಲೇಜು ಫೀಸಿಗೆಂದು ಎತ್ತಿಟ್ಟಿದ್ದ ದುಡ್ಡು ಅಂತ ನನಗೆ ತಿಳಿದದ್ದು ಒಂದು ತಿಂಗಳ ನಂತರ.

ಎರಡನೆಯ ಸಲ ಸೆನ್ಸರ್ ಆರಿಸುವಾಗ ಕಾಗದದ ಮೇಲೆ ಲೆಕ್ಕ ಹಾಕಿದೆ. ಟರ್ಬೊ ಹೊರಗಿನ ಗಾಳಿಯ ಮೇಲೆ 70 ಕಿಲೋಪಾಸ್ಕಲ್ ಸೇರಿಸುತ್ತದೆ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯೇ 101. ಮಂಗಳೂರಿನಲ್ಲಿ ಓಡಿಸಿದರೆ ಒಟ್ಟು 171. ಅಕಸ್ಮಾತ್ ಒತ್ತಡ ಮಿತಿಮೀರಿ ಏರಿದರೂ ಕಾಣುವಷ್ಟು ಜಾಗ ಮೇಲೆ ಉಳಿಯಬೇಕು. 400ರವರೆಗೆ ನೋಡುವ ಸೆನ್ಸರೂ ಸಿಗುತ್ತದೆ, ಆದರೆ ದೊಡ್ಡದೇ ಒಳ್ಳೆಯದು ಅನ್ನುವಂತಿಲ್ಲ. ನಮ್ಮ ಕಂಪ್ಯೂಟರ್ 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಓದುತ್ತದೆ. 250ರ ಸೆನ್ಸರಿನಲ್ಲಿ ಒಂದು ಮೆಟ್ಟಿಲೆಂದರೆ ಕಾಲು ಕಿಲೋಪಾಸ್ಕಲ್, 400ರದ್ದರಲ್ಲಿ ಅದು 0.4 ಆಗಿಬಿಡುತ್ತದೆ. ಹಾಗಾಗಿ 20ರಿಂದ 250 ಕಿಲೋಪಾಸ್ಕಲ್ ಅಳೆಯುವುದನ್ನೇ ತರಿಸಿದೆ. ಒಂದು ಕಿಲೋಪಾಸ್ಕಲ್‌ಗೆ 20 ಮಿಲಿವೋಲ್ಟ್, ಗೆರೆ ಎಳೆದಷ್ಟು ನೇರ.

ಅದನ್ನು ಕೂರಿಸಿ, ಇಂಜಿನ್ ಚಾಲೂ ಮಾಡದೆ ಬರೀ ಕೀ ತಿರುಗಿಸಿ ನೋಡಿದೆ. ಪರದೆಯಲ್ಲಿ 89 ಬಂತು. ಪುಸ್ತಕದಲ್ಲಿ ವಾತಾವರಣದ ಒತ್ತಡ 101.3 ಅಂತ ಇದೆ. ಸೆನ್ಸರ್ ಸುಳ್ಳು ಹೇಳುತ್ತಿದೆ ಅಂದುಕೊಂಡು ಸಾಫ್ಟ್‌ವೇರಿನಲ್ಲಿ 12 ಸೇರಿಸಿ ಅದನ್ನು 101 ಮಾಡಿದೆ. ಕ್ಯಾಲಿಬ್ರೇಷನ್ ಮುಗಿಯಿತು ಅಂತ ಬೀಗಿಕೊಂಡೆ. ಕಾರು ಮಾತ್ರ ಕರಿ ಹೊಗೆ ಬಿಡತೊಡಗಿತು. ಸ್ಪಾರ್ಕ್ ಪ್ಲಗ್ಗುಗಳು ಸೀಮೆಎಣ್ಣೆ ಬುಡ್ಡಿಯ ಗಾಜಿನ ಹಾಗೆ ಮಸಿ ಹಿಡಿದವು. ಇಂಜಿನ್ ಸುಮ್ಮನೆ ಓಡುತ್ತಿರುವಾಗ ಒಳಗಿನ ನಿಜವಾದ ಒತ್ತಡ 35. ನನ್ನ ಕೃಪೆಯಿಂದ ಕಂಪ್ಯೂಟರಿಗೆ ಕಾಣುತ್ತಿದ್ದದ್ದು 47. ಬೇಕಾದ್ದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಮತ್ತೊಂದು ಇಂಜಿನ್ ಹಾಳಾದರೆ ಚಿಕ್ಕಪ್ಪನ ಮುಖ ನೋಡುವುದು ಹೇಗೆ ಅಂತ ಎರಡು ವಾರ ನಿದ್ದೆಗೆಟ್ಟೆ. ಹಾಗೆ ಒಂದು ರಾತ್ರಿ ಸೆನ್ಸರಿನ ಕಾಗದವನ್ನು ನೂರನೇ ಸಲ ಓದುವಾಗ ಕಿಲೋಪಾಸ್ಕಲ್ ಅನ್ನುವ ಪದ ಕಣ್ಣಿಗೆ ಕುಕ್ಕಿತು. ಬ್ರೇಕಿನ ಚಿತ್ರದ ಪಕ್ಕ ಶಾಲೆಯ ಪುಸ್ತಕದಲ್ಲಿದ್ದ ಪಾಸ್ಕಲನ ನಿಯಮ ಬಿಟ್ಟರೆ ಈ ಮನುಷ್ಯನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಓದಲು ಶುರು ಮಾಡಿದೆ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ನಡುಭಾಗದ ಕ್ಲೆರ್ಮಾಂಟ್ ಎಂಬ ಊರಿನಲ್ಲಿ. ಅದೂ ನಮ್ಮೂರಿನ ಹಾಗೆ ಬೆಟ್ಟದ ಬುಡದ ಊರು. ಊರಿನ ಪಕ್ಕದಲ್ಲೇ ಪುಯ್ ದ ಡೋಮ್ ಎಂಬ ಆರಿದ ಜ್ವಾಲಾಮುಖಿಯ ಬೆಟ್ಟ. ಹುಡುಗನಿಗೆ ಮೂರು ವರ್ಷವಾದಾಗ ತಾಯಿ ತೀರಿಕೊಂಡರು. ತಂದೆ ಎಟಿಯೆನ್ ತೆರಿಗೆಯ ನ್ಯಾಯಾಲಯದ ಅಧಿಕಾರಿ, ಸ್ವತಃ ಗಣಿತ ಬಲ್ಲವರು. ಮತ್ತೆ ಮದುವೆಯಾಗದೆ ಮೂರು ಮಕ್ಕಳನ್ನು ಕರೆದುಕೊಂಡು 1631ರಲ್ಲಿ ಪ್ಯಾರಿಸಿಗೆ ಬಂದು, ಮಗನಿಗೆ ಮನೆಯಲ್ಲೇ ಪಾಠ ಹೇಳಿದರು. ಆದರೆ ಗಣಿತದ ಪುಸ್ತಕಗಳನ್ನು ಬೀಗ ಹಾಕಿ ಇಟ್ಟರು. ಗಣಿತದ ರುಚಿ ಹತ್ತಿದರೆ ಹುಡುಗ ಲ್ಯಾಟಿನ್, ಗ್ರೀಕ್ ಕಲಿಯುವುದಿಲ್ಲ ಅನ್ನುವುದು ಅವರ ಭಯ. ಹುಡುಗ ನೆಲದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು, ತ್ರಿಕೋನದ ಮೂರು ಕೋನ ಸೇರಿದರೆ ಎರಡು ಲಂಬಕೋನವಾಗುತ್ತದೆಂದು ತಾನಾಗಿಯೇ ಕಂಡುಕೊಂಡ ಕಥೆಯನ್ನು ಅಕ್ಕ ಗಿಲ್ಬರ್ಟ್ ಮುಂದೆ ಬರೆದಿಟ್ಟಿದ್ದಾಳೆ. ಅಕ್ಕಂದಿರು ತಮ್ಮಂದಿರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತಾರೆ. ಆದರೂ ಹದಿನಾರನೇ ವಯಸ್ಸಿಗೆ ಆತ ಶಂಕುಛೇದಗಳ ಬಗ್ಗೆ ಬರೆದ ಪ್ರಬಂಧ ನಮ್ಮ ಕೈಯಲ್ಲಿದೆ. ಆ ವಯಸ್ಸಿನಲ್ಲಿ ನಾನು ಬೈಕಿನ ಸೈಲೆನ್ಸರಿಗೆ ತೂತು ಕೊರೆಯುತ್ತಿದ್ದೆ.

ಈ ಮನೆಯವರಿಗೆ ಒಮ್ಮೆ ದೊಡ್ಡ ಗಂಡಾಂತರ ಬಂತು. ಸರಕಾರ ಬಾಂಡುಗಳ ಬಡ್ಡಿ ಕತ್ತರಿಸಿದ್ದನ್ನು ವಿರೋಧಿಸಿದ್ದಕ್ಕೆ 1638ರಲ್ಲಿ ತಂದೆಯನ್ನು ಜೈಲಿಗೆ ಹಾಕುವ ಆಜ್ಞೆಯಾಯಿತು, ಅವರು ತಲೆಮರೆಸಿಕೊಂಡರು. ಕೊನೆಗೆ ಮನೆಯನ್ನು ಕಾಪಾಡಿದ್ದು ಕಿರಿಯ ಮಗಳು ಜಾಕ್ವೆಲಿನ್. ಹದಿಮೂರರ ಆ ಹುಡುಗಿ ಮಂತ್ರಿ ರಿಶಲ್ಯೂ ಎದುರು ಒಂದು ನಾಟಕದಲ್ಲಿ ಪಾತ್ರ ಮಾಡಿ, ಆತ ಮೆಚ್ಚಿದ ಗಳಿಗೆ ನೋಡಿ ತಂದೆಗೆ ಕ್ಷಮೆ ಬೇಡಿದಳು. ಕ್ಷಮೆಯ ಜೊತೆಗೆ ರುಆನ್ ನಗರದಲ್ಲಿ ತೆರಿಗೆಯ ಹುದ್ದೆಯೂ ಸಿಕ್ಕಿತು. ಅಲ್ಲಿ ತಂದೆ ರಾತ್ರಿಯೆಲ್ಲ ಕೂತು ಸಾಲು ಸಾಲು ಅಂಕಿ ಕೂಡುವುದನ್ನು ನೋಡಲಾಗದೆ, 1642ರಲ್ಲಿ ಹತ್ತೊಂಬತ್ತರ ಮಗ ಲೆಕ್ಕದ ಯಂತ್ರವೊಂದನ್ನು ಮಾಡಲು ಹೊರಟ. ಹಲ್ಲಿನ ಚಕ್ರಗಳ ಪೆಟ್ಟಿಗೆ ಅದು. ಒಂದು ಚಕ್ರ ಒಂಬತ್ತು ದಾಟಿದರೆ ಪಕ್ಕದ್ದು ಒಂದು ಹೆಜ್ಜೆ ತಾನಾಗಿ ಮುಂದೆ ಹೋಗಬೇಕು. ಹೇಳಿದಷ್ಟು ಸುಲಭವಾಗಿರಲಿಲ್ಲ, ಕುಶಲಕರ್ಮಿಗಳ ಕೈಲಿ ಸುಮಾರು ಐವತ್ತು ಮಾದರಿಗಳನ್ನು ಮಾಡಿಸಿದ ಮೇಲೆ ಆತನಿಗೆ ಸಮಾಧಾನವಾಯಿತು. ಐವತ್ತು ಅನ್ನುವ ಅಂಕಿ ಓದಿದಾಗ ನನ್ನ ಎರಡು ಸೋಲುಗಳ ಬಗ್ಗೆ ನನಗೆ ಸ್ವಲ್ಪ ನಾಚಿಕೆಯಾಯಿತು.

ನನ್ನ ಸೆನ್ಸರಿನ ಕಥೆ ಶುರುವಾಗುವುದು ಇದೇ ರುಆನ್‌ನಲ್ಲಿ, 1646ರಲ್ಲಿ.

ಅದಕ್ಕೆ ಒಂದೆರಡು ವರ್ಷ ಮೊದಲು ಇಟಲಿಯ ಟೊರಿಚೆಲ್ಲಿ ಒಂದು ಪ್ರಯೋಗ ಮಾಡಿಸಿದ್ದ. ಒಂದು ತುದಿ ಮುಚ್ಚಿದ ಉದ್ದದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಪಾದರಸ ಸುಮಾರು 76 ಸೆಂಟಿಮೀಟರಿನವರೆಗೆ ಇಳಿದು ನಿಂತುಬಿಡುತ್ತದೆ. ಮೇಲೆ ಒಂದಿಷ್ಟು ಜಾಗ ಖಾಲಿ ಉಳಿಯುತ್ತದೆ. ಪಾದರಸವನ್ನು ಎತ್ತಿ ಹಿಡಿದಿರುವುದು ಯಾವುದು? ಮೇಲಿನ ಖಾಲಿ ಜಾಗದಲ್ಲಿ ಏನಿದೆ? ನಿಸರ್ಗಕ್ಕೆ ಖಾಲಿ ಅನ್ನುವುದೇ ಆಗದು, ಆದ್ದರಿಂದ ಅದು ಪಾದರಸವನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ ಅನ್ನುವುದು ಆಗಿನ ಪಂಡಿತರ ಉತ್ತರ. ನಮ್ಮ ರೈತರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ತೆರೆದ ಬಾವಿಯ ದಂಡೆಯ ಮೇಲೆ ಪಂಪ್ ಇಟ್ಟರೆ ಏಳೆಂಟು ಮೀಟರಿಗಿಂತ ಆಳದ ನೀರು ಎಳೆಯುವುದು ಕಷ್ಟ. ಎಂಥ ಕಂಪನಿಯ ಮೋಟಾರ್ ಆದರೂ ಅಷ್ಟೆ. ಪಂಪು ನೀರನ್ನು ಎಳೆಯುವುದೇ ಇಲ್ಲ, ತನ್ನೊಳಗಿನ ಗಾಳಿ ತೆಗೆದು ಸುಮ್ಮನಿರುತ್ತದೆ. ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಭಾರ ಮುಗಿದಲ್ಲಿ ನೀರೂ ನಿಲ್ಲುತ್ತದೆ.

ಪಾಸ್ಕಲ್ ತಂದೆಯ ಜೊತೆಗೂಡಿ ಆ ಪ್ರಯೋಗ ಮಾಡಿದ. ಆಮೇಲೆ ಒಬ್ಬನೇ ಅದರ ಬೆನ್ನು ಹತ್ತಿದ. ರುಆನ್‌ನಲ್ಲಿ ಒಳ್ಳೆಯ ಗಾಜಿನ ಕಾರ್ಖಾನೆ ಇತ್ತು. 46 ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ, ಮುರಿಯದಂತೆ ಹಡಗಿನ ಪಟಕಂಬಕ್ಕೆ ಕಟ್ಟಿ, ಜನರ ಎದುರು ಎತ್ತಿ ನಿಲ್ಲಿಸಿದ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೆಂಪು ದ್ರಾಕ್ಷಾರಸ. ದ್ರಾಕ್ಷಾರಸದಿಂದ ಆವಿ ಹೆಚ್ಚು ಏಳುತ್ತದೆ, ಆ ಆವಿ ಖಾಲಿ ಜಾಗ ತುಂಬಿ ಅದನ್ನು ಕೆಳಗೆ ತಳ್ಳಬೇಕು ಅಂತ ಎದುರಾಳಿಗಳ ವಾದ. ಆದದ್ದು ಉಲ್ಟಾ. ನೀರಿಗಿಂತ ಹಗುರವಾದ ದ್ರಾಕ್ಷಾರಸ ನೀರಿಗಿಂತ ಎತ್ತರದಲ್ಲಿ ನಿಂತಿತು. ಭಾರದ ಲೆಕ್ಕವೇ ಗೆದ್ದಿತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ನೋಯೆಲ್ ಎಂಬ ಹಿರಿಯ ಪಾದ್ರಿ ಶೂನ್ಯ ಅನ್ನುವುದು ಅಸಾಧ್ಯವೆಂದು ಪತ್ರ ಬರೆದರು. 1647ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಕಾಯಿಲೆ ಬಿದ್ದಿದ್ದ ಪಾಸ್ಕಲನನ್ನು ನೋಡಲು ಸಾಕ್ಷಾತ್ ಡೆಕಾರ್ಟ್ ಬಂದ. ಅವನಿಗೆ ಆಗ 51, ಪಾಸ್ಕಲನಿಗೆ 24. ಕೊಳವೆಯ ಮೇಲಿನ ಜಾಗ ಖಾಲಿಯಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ವಸ್ತುವಿನಿಂದ ತುಂಬಿದೆ ಅನ್ನುವುದು ಡೆಕಾರ್ಟ್ ನಂಬಿಕೆ. ಇಬ್ಬರೂ ಒಪ್ಪಲಿಲ್ಲ. ಮರುದಿನ ಮತ್ತೆ ಬಂದ ಡೆಕಾರ್ಟ್, ಸಾಕೆನಿಸುವವರೆಗೆ ಹಾಸಿಗೆಯಲ್ಲೇ ಮಲಗಿರಲು, ಗಟ್ಟಿ ಸಾರು ಕುಡಿಯಲು ಸಲಹೆ ಕೊಟ್ಟು ಹೋದ. ಬೆಟ್ಟದ ಪ್ರಯೋಗದ ಉಪಾಯ ಹೇಳಿಕೊಟ್ಟವನು ತಾನೇ ಅಂತ ಮುಂದೆ ಅವನು ಹೇಳಿಕೊಂಡದ್ದೂ ಉಂಟು. ಉಪಾಯ ಯಾರದ್ದಾದರೂ ಇರಲಿ, ಅದನ್ನು ಮಾಡಿಸಿದವನು ಪಾಸ್ಕಲ್.

ಉಪಾಯ ಇಷ್ಟೇ. ಪಾದರಸವನ್ನು ಎತ್ತಿ ಹಿಡಿದಿರುವುದು ಗಾಳಿಯ ಭಾರವಾದರೆ, ಬೆಟ್ಟದ ಮೇಲೆ ತಲೆಯ ಮೇಲಿನ ಗಾಳಿ ಕಡಿಮೆ, ಅಲ್ಲಿ ಪಾದರಸ ಇಳಿಯಬೇಕು. ನಿಸರ್ಗ ಬೆಟ್ಟದ ತುದಿಯಲ್ಲಿ ಖಾಲಿಯನ್ನು ಕಡಿಮೆ ದ್ವೇಷಿಸುತ್ತದೆ ಅಂತ ಯಾರೂ ವಾದಿಸಲಾರರು. ಆದರೆ ಪಾಸ್ಕಲ್ ಬೆಟ್ಟ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಹದಿನೆಂಟರಿಂದಾಚೆಗೆ ನೋವಿಲ್ಲದ ದಿನವನ್ನೇ ಆತ ಕಾಣಲಿಲ್ಲವೆಂದು ಅಕ್ಕ ಬರೆದಿದ್ದಾಳೆ. ತಲೆನೋವು, ಹೊಟ್ಟೆನೋವು ಬಿಡದೆ ಕಾಡುತ್ತಿದ್ದವು, ಊರುಗೋಲು ಹಿಡಿದು ನಡೆದ ದಿನಗಳೂ ಇದ್ದವಂತೆ. ಹಾಗಾಗಿ 1647ರ ನವೆಂಬರ್ 15ರಂದು ಕ್ಲೆರ್ಮಾಂಟಿನಲ್ಲಿದ್ದ ಅಕ್ಕನ ಗಂಡ ಫ್ಲೊರಿನ್ ಪೆರಿಯೆಗೆ ಪತ್ರ ಬರೆದ. ಭಾವನಿಗೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಬೇಕಾಯಿತು, ಆಮೇಲೆ ಮಂಜು, ಹಿಮ. ಹತ್ತು ತಿಂಗಳು ಕಳೆದವು.

1648ರ ಸೆಪ್ಟೆಂಬರ್ 19, ಶನಿವಾರ. ಬೆಳಿಗ್ಗೆ ಬೆಟ್ಟದ ತುದಿ ಕಾಣಿಸಿತು. ಪೆರಿಯೆ ಊರಿನ ಕೆಲವು ಪಾದ್ರಿಗಳನ್ನೂ ಗೃಹಸ್ಥರನ್ನೂ ಕರೆದುಕೊಂಡು ಊರಿನ ತಗ್ಗಿನಲ್ಲಿದ್ದ ಮಠದ ತೋಟದಲ್ಲಿ ಸೇರಿದ. ಒಂದೇ ಬಗೆಯ ಎರಡು ಕೊಳವೆ, ಒಂದೇ ಪಾದರಸ. ಎರಡರಲ್ಲೂ ಮಟ್ಟ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸುಮಾರು 71.2 ಸೆಂಟಿಮೀಟರ್ ಬಂತು. ಒಂದು ಕೊಳವೆಯನ್ನು ಅಲ್ಲೇ ಬಿಟ್ಟು, ಇಡೀ ದಿನ ಅದನ್ನು ನೋಡುತ್ತಿರುವಂತೆ ಮಠದ ಪಾದ್ರಿ ಶಾಸ್ತೆಂಗೆ ಹೇಳಿದರು. ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸ 62.7ಕ್ಕೆ ಇಳಿದಿತ್ತು. ಎಂಟೂವರೆ ಸೆಂಟಿಮೀಟರ್ ವ್ಯತ್ಯಾಸ! ಅವರಿಗೆ ಅದನ್ನು ನಂಬಲಾಗಲಿಲ್ಲ. ಬಯಲಲ್ಲಿ, ಅಲ್ಲಿದ್ದ ಸಣ್ಣ ಗುಡಿಯೊಳಗೆ, ಗಾಳಿಗೆ ಒಡ್ಡಿ, ಗಾಳಿಗೆ ಮರೆಯಾಗಿ, ಮಂಜು ಮಳೆಯಲ್ಲಿ ಹೀಗೆ ಐದು ಸಲ ಮಾಡಿದರು. ಐದೂ ಸಲ ಅದೇ ಅಂಕಿ. ಇಳಿಯುವಾಗ ದಾರಿಯ ನಡುವೆ ಒಂದು ಕಡೆ ನೋಡಿದರೆ ಎರಡರ ನಡುವಿನ ಅಂಕಿ ಬಂತು. ಕೆಳಗೆ ಬಂದು ವಿಚಾರಿಸಿದರೆ, ದಿನವಿಡೀ ಹವೆ ಬದಲಾಗುತ್ತಿದ್ದರೂ ಪಾದ್ರಿಯ ಕೊಳವೆ ಕದಲಿರಲಿಲ್ಲ.

ಬೆಟ್ಟಕ್ಕೆ ಹೋದವರ ಹೆಸರು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಕೆಳಗೆ ಕೂತ ಆ ಪಾದ್ರಿಯ ಮೇಲೆ ಗೌರವ. ಅವರಿಲ್ಲದಿದ್ದರೆ ಪಾದರಸ ಇಳಿದದ್ದು ಎತ್ತರದಿಂದಲೋ ಹವೆ ಬದಲಾದದ್ದರಿಂದಲೋ ಅಂತ ಹೇಳಲು ಬರುತ್ತಿರಲಿಲ್ಲ.

ಇದನ್ನು ಓದುತ್ತಿದ್ದವನು 71.2 ಅನ್ನುವಲ್ಲಿ ನಿಂತುಬಿಟ್ಟೆ. ಬೆಟ್ಟದ ತುದಿಯ ಅಂಕಿಯಲ್ಲ ಅದು, ಕೆಳಗಿನ ಊರಿನದು. ಪುಸ್ತಕದ 76 ಕ್ಲೆರ್ಮಾಂಟ್ ಊರೊಳಗೇ ಇರಲಿಲ್ಲ! ಯಾಕೆಂದರೆ ಊರೇ ಎತ್ತರದಲ್ಲಿದೆ. ಪೆರಿಯೆ ನನ್ನ ಹಾಗೆ ಜಾಣನಾಗಿದ್ದರೆ ಕೊಳವೆ ತಪ್ಪು ತೋರಿಸುತ್ತಿದೆ ಅಂದುಕೊಂಡು ಅದರ ಮೇಲೆ 76 ಅಂತ ಗೀಟು ಹಾಕಿ ಮನೆಗೆ ಹೋಗುತ್ತಿದ್ದ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1090 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಇರಬೇಕಾದ್ದೇ 89. ಸೆನ್ಸರ್ ನಿಜ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿ ಮಂಗಳೂರಿನ ಅಂಕಿಯನ್ನು ಹೇಳಿಸಿದ್ದೆ.

ಮರುದಿನವೇ 12ನ್ನು ಅಳಿಸಿದೆ. ಆದರೆ ಎರಡು ಸಲ ಸುಟ್ಟುಕೊಂಡವನಿಗೆ ಪುಸ್ತಕದ ಮೇಲೂ ನಂಬಿಕೆ ಇರಲಿಲ್ಲ, ತನ್ನ ಮೇಲೂ ಇರಲಿಲ್ಲ. ಪುಯ್ ದ ಡೋಮ್ ಇಲ್ಲದಿದ್ದರೇನು, ನಮಗೆ ಮುಳ್ಳಯ್ಯನಗಿರಿ ಇದೆ. ಸೆನ್ಸರನ್ನು ಬಿಚ್ಚಿ, ಬ್ಯಾಟರಿಯಿಂದ 5 ವೋಲ್ಟ್ ಕೊಡುವ ಸಣ್ಣ ಸರ್ಕ್ಯೂಟಿನ ಜೊತೆ ಟಿಫಿನ್ ಡಬ್ಬಿಯಲ್ಲಿ ಇಟ್ಟೆ. ಆ 5 ವೋಲ್ಟ್ ನಿಜಕ್ಕೂ 5 ಇದೆಯೇ ಅಂತ ಮೊದಲು ನೋಡಬೇಕು. ಅದು 4.9 ಆದರೆ ಸೆನ್ಸರಿನ ಉತ್ತರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ತಪ್ಪು ಸೆನ್ಸರಿನದ್ದೆಂದು ನಾವು ತಿಳಿಯುತ್ತೇವೆ. ತಂಗಿಯ ಮೊಬೈಲಿನಲ್ಲಿ ಗಾಳಿಯ ಒತ್ತಡ ತೋರಿಸುವ ಸೌಲಭ್ಯವಿತ್ತು. ಅವಳನ್ನು ಗ್ಯಾರೇಜಿನಲ್ಲಿ ಕೂರಿಸಿ ಅರ್ಧ ಗಂಟೆಗೊಮ್ಮೆ ಬರೆದಿಡು ಅಂದೆ. ತನ್ನ ಫೀಸಿನ ದುಡ್ಡು ಎಲ್ಲಿಗೆ ಹೋಯಿತೆಂದು ಅವಳಿಗೆ ಗೊತ್ತಿತ್ತು. ಒಂದು ಮಾತೂ ಆಡದೆ ನೋಟ್‌ಬುಕ್ ತೆಗೆದುಕೊಂಡು ಕೂತಳು.

ಹೊರಡುವ ಮೊದಲು ಸೆನ್ಸರ್ ಕೊಟ್ಟದ್ದು 1.584 ವೋಲ್ಟ್, ಅಂದರೆ 89.2 ಕಿಲೋಪಾಸ್ಕಲ್. ಚಿಕ್ಕಪ್ಪನ ಜೀಪಿನಲ್ಲಿ ತಿರುವುಗಳನ್ನು ಹತ್ತಿ, ಕೊನೆಯ ಮೆಟ್ಟಿಲುಗಳನ್ನು ಡಬ್ಬಿ ಎದೆಗೊತ್ತಿಕೊಂಡು ಏರಿದೆ. ತುದಿ ಸುಮಾರು 1930 ಮೀಟರ್. ಗುಡಿಯ ಗೋಡೆಯ ಮರೆಯಲ್ಲಿ ಕೂತು ಮೀಟರ್ ನೋಡಿದರೆ 1.418 ವೋಲ್ಟ್. 80.9 ಕಿಲೋಪಾಸ್ಕಲ್. ಅಷ್ಟು ಎತ್ತರದ ವ್ಯತ್ಯಾಸಕ್ಕೆ ಲೆಕ್ಕದ ಪ್ರಕಾರ ಎಷ್ಟು ಇಳಿಯಬೇಕಿತ್ತೋ ಅಷ್ಟೇ ಇಳಿದಿತ್ತು. ಗಾಳಿಗೆ ಒಡ್ಡಿ ಒಮ್ಮೆ, ಜಾಕೆಟ್ಟಿನೊಳಗೆ ಒಮ್ಮೆ, ಹೀಗೆ ನಾನೂ ಐದು ಸಲ ನೋಡಿದೆ. ಪ್ರವಾಸಿಗಳು ನನ್ನನ್ನು ನೋಡಿ ನಗುತ್ತಿದ್ದರು.

ಕೆಳಗೆ ಬಂದಾಗ ತಂಗಿಯ ಪಟ್ಟಿಯಲ್ಲಿ ಒಂದು ವಿಷಯ ಕಾಣಿಸಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಇದ್ದ ಒತ್ತಡ ಸಂಜೆ ನಾಲ್ಕಕ್ಕೆ ಕಾಲು ಕಿಲೋಪಾಸ್ಕಲಿನಷ್ಟು ಇಳಿದಿತ್ತು. ಹವೆ ಕೆಟ್ಟಿರಲಿಲ್ಲ. ನಮ್ಮಂಥ ಉಷ್ಣವಲಯದ ನಾಡುಗಳಲ್ಲಿ ಗಾಳಿಯ ಭಾರ ದಿನಕ್ಕೆ ಎರಡು ಸಲ ಸಮುದ್ರದ ಹಾಗೆ ಉಬ್ಬಿ ಇಳಿಯುತ್ತದೆ. ಅವಳು ಕೆಳಗೆ ಕೂರದಿದ್ದರೆ ಆ ಕಾಲು ಕೂಡ ನನ್ನ ಬೆಟ್ಟದ ಲೆಕ್ಕದೊಳಗೆ ಸೇರಿಕೊಳ್ಳುತ್ತಿತ್ತು.

ಇಷ್ಟಾದರೂ ಸೆನ್ಸರಿನ ಕೆಳಭಾಗ ಮಾತ್ರ ಪರೀಕ್ಷೆಯಾಗಿತ್ತು. ಟರ್ಬೊ ತಳ್ಳುವ ಕಡೆ ನೋಡಬೇಕಲ್ಲ. ಅದಕ್ಕೆ ನಮ್ಮ ಬೀದಿಯ ನಿವೃತ್ತ ಡಾಕ್ಟರರ ಹಳೆಯ ಪಾದರಸದ ಬಿಪಿ ಪೆಟ್ಟಿಗೆ ಸಿಕ್ಕಿತು. ಟೊರಿಚೆಲ್ಲಿಯ ಕೊಳವೆಯ ಮೊಮ್ಮಗು ಅದು. ರಬ್ಬರ್ ಬಲ್ಬು ಒತ್ತಿ 300 ಮಿಲಿಮೀಟರಿಗೆ ಏರಿಸಿದರೆ ಹೊರಗಿನ ಗಾಳಿಯ ಮೇಲೆ 40 ಕಿಲೋಪಾಸ್ಕಲ್. ಒಟ್ಟು 129 ಚಿಲ್ಲರೆ. ಸೆನ್ಸರ್ ಅದನ್ನೂ ಸರಿಯಾಗಿ ಹೇಳಿತು. ಅದಕ್ಕೂ ಮೇಲಕ್ಕೆ ಟೈರಿಗೆ ಗಾಳಿ ಹಾಕುವ ಪಂಪು ಮತ್ತು ಮೀಟರ್. ಟೈರಿನ ಮೀಟರ್ ಸೊನ್ನೆ ತೋರಿಸುವಾಗ ಅದರೊಳಗೆ ನಿಜಕ್ಕೂ 89 ಇರುತ್ತದೆ. ಹೊರಗಿನ ಗಾಳಿಯನ್ನೇ ಅದು ಸೊನ್ನೆಯೆಂದು ಕರೆಯುತ್ತದೆ, ಅದಕ್ಕೆ ಅದರ ಅಂಕಿಗೆ 89 ಕೂಡಿಸಿಕೊಳ್ಳಬೇಕು. ನನ್ನ ಸೆನ್ಸರಿನ ಸೊನ್ನೆ ಬೇರೆ. ಅದರೊಳಗೆ ಸಿಲಿಕಾನಿನ ತೆಳು ಪೊರೆಯೊಂದಿದೆ. ಪೊರೆಯ ಒಂದು ಬದಿಗೆ ಇಂಜಿನ್ನಿನ ಗಾಳಿ, ಇನ್ನೊಂದು ಬದಿಗೆ ಗಾಳಿಯನ್ನೆಲ್ಲ ತೆಗೆದು ಮುಚ್ಚಿದ ಪುಟ್ಟ ಕೋಣೆ. ಖಾಲಿ. ಪಾದ್ರಿ ನೋಯೆಲ್ ಅಸಾಧ್ಯವೆಂದ, ಡೆಕಾರ್ಟ್ ಒಪ್ಪದ ಆ ಶೂನ್ಯ. ಟರ್ಬೊ ಹಾಕಿದ ಇಂಜಿನ್ನಿಗೆ ಬೇಕಾದ್ದು ಈ ಸೊನ್ನೆಯಿಂದ ಎಣಿಸಿದ ಅಂಕಿಯೇ. ಸಿಲಿಂಡರಿನಲ್ಲಿ ಎಷ್ಟು ಗಾಳಿ ತುಂಬಿತು ಅನ್ನುವುದು ಪೂರ್ತಿ ಒತ್ತಡದ ಮೇಲೆ ನಿಂತಿದೆ, ಹೊರಗಿನದಕ್ಕಿಂತ ಎಷ್ಟು ಹೆಚ್ಚು ಅನ್ನುವುದರ ಮೇಲಲ್ಲ. ಒಂದೇ ಕಾರು, ಒಂದೇ 70ರ ಟರ್ಬೊ, ಇಲ್ಲಿ 159 ಉಸಿರಾಡುತ್ತದೆ, ಮಂಗಳೂರಿನಲ್ಲಿ 171.

ಪಾಸ್ಕಲ್ ಬೆಟ್ಟದ ಸುದ್ದಿ ಕೇಳಿ ಸುಮ್ಮನೆ ಕೂರಲಿಲ್ಲ. ಪ್ಯಾರಿಸಿನ ಸಂತ ಜಾಕ್ ಗೋಪುರದ ಬುಡದಲ್ಲೂ ತುದಿಯಲ್ಲೂ ಅದನ್ನೇ ಮಾಡಿ ನೋಡಿದ, ಸಣ್ಣದಾದರೂ ವ್ಯತ್ಯಾಸ ಸಿಕ್ಕಿತು. ಎರಡು ಊರುಗಳು ಒಂದೇ ಎತ್ತರದಲ್ಲಿವೆಯೇ ಅನ್ನುವುದನ್ನು ಈ ಕೊಳವೆಯಿಂದ ತಿಳಿಯಬಹುದು ಅಂತ ಬರೆದ. ಭೂಮಿಯ ಮೇಲಿನ ಅಷ್ಟೂ ಗಾಳಿಯ ತೂಕವನ್ನು ಲೆಕ್ಕ ಹಾಕಿದ. ಆತನ ಕಾಲದ ಪೌಂಡಿನಲ್ಲಿ ಅದು 8 ಬರೆದು ಮುಂದೆ 18 ಸೊನ್ನೆ ಹಾಕಿದಷ್ಟು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆಂಬ, ನಮ್ಮ ಬ್ರೇಕುಗಳಲ್ಲಿ ದುಡಿಯುವ ನಿಯಮವನ್ನು ಬರೆದಿಟ್ಟ. ಆ ಬರಹಗಳು ಅಚ್ಚಾದದ್ದು 1663ರಲ್ಲಿ. ಆಗ ಆತ ಇರಲಿಲ್ಲ.

ಆಮೇಲಿನ ಬದುಕು ಬೇರೆಯದೇ ದಾರಿ ಹಿಡಿಯಿತು. 1651ರಲ್ಲಿ ತಂದೆ ಹೋದರು. ಮುಂದಿನ ಜನವರಿಯಲ್ಲಿ ಜಾಕ್ವೆಲಿನ್ ಅಣ್ಣನ ವಿರೋಧ ಲೆಕ್ಕಿಸದೆ ಪೋರ್ಟ್ ರಾಯಲ್ ಮಠ ಸೇರಿ ಸನ್ಯಾಸಿನಿಯಾದಳು. 1654ರಲ್ಲಿ ಆತ ಫರ್ಮಾ ಜೊತೆ ಪತ್ರ ಬರೆಯುತ್ತ, ಅರ್ಧಕ್ಕೆ ನಿಂತ ಜೂಜಾಟದ ಹಣವನ್ನು ಹೇಗೆ ಹಂಚಬೇಕು ಅನ್ನುವ ಪ್ರಶ್ನೆಯಿಂದ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದ. ಅದೇ ವರ್ಷ ನವೆಂಬರ್ 23ರ ರಾತ್ರಿ ಆತನಿಗೆ ದೇವರ ಅನುಭವವಾಯಿತು. ಅದನ್ನು ಒಂದು ಹಾಳೆಯಲ್ಲಿ ಬರೆದು ಅಂಗಿಯ ಒಳಪದರಿನಲ್ಲಿ ಹೊಲಿದುಕೊಂಡ, ಯಾರಿಗೂ ಹೇಳಲಿಲ್ಲ. ಅದು ಸಿಕ್ಕಿದ್ದು ಆತ ಸತ್ತ ಮೇಲೆ. ಆ ರಾತ್ರಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಕೊಳವೆಯ ಖಾಲಿ ಜಾಗದ ಬಗ್ಗೆ ದೊಡ್ಡವರೊಡನೆ ಅಷ್ಟು ಹಟದಿಂದ ವಾದಿಸಿದವನು ಇದೊಂದನ್ನು ವಾದಕ್ಕೇ ಇಡಲಿಲ್ಲ ಅನ್ನುವುದು ಮಾತ್ರ ನನ್ನನ್ನು ಕಾಡುತ್ತದೆ.

ಕೊನೆಯ ವರ್ಷದಲ್ಲಿ ಆತ ಮಾಡಿದ ಕೆಲಸ ಕೇಳಿ ಚಿಕ್ಕಪ್ಪನೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಸ್ವಂತ ಗಾಡಿ ಇಲ್ಲದವರಿಗಾಗಿ, ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ, ಜನ ತುಂಬಲಿ ಬಿಡಲಿ, ಹೊರಟೇ ಹೊರಡುವ ಕುದುರೆಗಾಡಿಗಳು. ತಲೆಗೆ ಐದು ಸೋಲ್ ದರ. ಗೆಳೆಯ ರೊಅನ್ನೆಯ ಡ್ಯೂಕ್ ಜೊತೆ ಸೇರಿ ಶುರು ಮಾಡಿದ ಆ ಸಾರಿಗೆಯ ಮೊದಲ ಗಾಡಿ ಪ್ಯಾರಿಸಿನಲ್ಲಿ ಓಡಿದ್ದು 1662ರ ಮಾರ್ಚ್ 18ರಂದು. ನಮ್ಮ ಸಿಟಿ ಬಸ್ಸಿನ ಮುತ್ತಜ್ಜ. ಸೈನಿಕರು, ಆಳುಗಳು ಹತ್ತಕೂಡದೆಂದು ಪ್ಯಾರಿಸಿನ ನ್ಯಾಯಾಲಯ ಷರತ್ತು ಹಾಕಿತಂತೆ, ಬಡವರಿಗಾಗಿ ಯೋಚಿಸಿದ ಗಾಡಿಗೆ ಎಂಥ ವಿಧಿ ನೋಡಿ. ಗಾಡಿಗಳ ಲಾಭದಲ್ಲಿ ತನ್ನ ಪಾಲಿನಿಂದ ಸಾವಿರ ಲಿವ್ರ್ ಮುಂಗಡವಾಗಿ ಕೊಡಿ, ಬ್ಲಾವಾದ ಬಡವರಿಗೆ ಕಳಿಸಬೇಕು ಅಂತ ಪಾಸ್ಕಲ್ ಕೇಳಿದ್ದ.

ಆ ಬೇಸಿಗೆಯಲ್ಲಿ ಆತನ ಮನೆಯಲ್ಲಿ ಒಂದು ಬಡ ಸಂಸಾರ ಆಶ್ರಯ ಪಡೆದಿತ್ತು. ಅವರ ಮಗುವಿಗೆ ಸಿಡುಬು ಎದ್ದಿತು. ಮಗುವನ್ನು ಆಚೆ ಸಾಗಿಸಲು ಒಪ್ಪದೆ, ಸಾಯುವಷ್ಟು ಕಾಯಿಲೆಯಲ್ಲಿದ್ದ ಪಾಸ್ಕಲ್ ತಾನೇ ಮನೆ ಬಿಟ್ಟು ಅಕ್ಕ ಗಿಲ್ಬರ್ಟಳ ಮನೆಗೆ ಹೋದ. 1662ರ ಆಗಸ್ಟ್ 19ರಂದು ಅಲ್ಲೇ ತೀರಿಕೊಂಡ. ವಯಸ್ಸು 39. ಆತ ಹುಟ್ಟಿದ ಊರಿನ ಬೆಟ್ಟಕ್ಕೆ ಭಾವ ಪಾದರಸ ಹೊತ್ತು ಹದಿನಾಲ್ಕು ವರ್ಷಗಳಾಗಿದ್ದವು.

ಒತ್ತಡದ ಅಳತೆಗೆ ಆತನ ಹೆಸರಿಟ್ಟದ್ದು 1971ರಲ್ಲಿ. ಒಂದು ಪಾಸ್ಕಲ್ ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ನೀರಿನ ಪದರ ಕೂತಷ್ಟು ಭಾರ, ಅಷ್ಟೆ.

ಕಾರು ಈಗ ಹೊಗೆ ಬಿಡುವುದಿಲ್ಲ. ಪ್ಲಗ್ಗುಗಳು ಬಿಸ್ಕತ್ತಿನ ಬಣ್ಣಕ್ಕೆ ಬಂದಿವೆ. ಗ್ಯಾರೇಜಿನ ಗೋಡೆಯ ಮೇಲೆ, ಪಿಸ್ಟನ್ ಇಟ್ಟ ಕಿಟಕಿಯ ಪಕ್ಕದಲ್ಲಿ, ಚಿಕ್ಕಪ್ಪ ಸೀಮೆಸುಣ್ಣದಲ್ಲಿ 89 ಅಂತ ದೊಡ್ಡದಾಗಿ ಬರೆದಿದ್ದಾರೆ. ಯಾವ ಕಾರು ಬಂದರೂ ಇಂಜಿನ್ ಚಾಲೂ ಮಾಡುವ ಮೊದಲು ಕೀ ತಿರುಗಿಸಿ ಅದನ್ನು ನೋಡುತ್ತಾರೆ. ಅದರ ಕೆಳಗೆ ತಂಗಿಯ ಕೈಬರಹದಲ್ಲಿ ಇನ್ನೊಂದು ಅಂಕಿ ಇದೆ, ಅವಳ ಫೀಸಿನಲ್ಲಿ ನಾನು ಇನ್ನೂ ತೀರಿಸಬೇಕಾದ ಬಾಕಿ. ಪ್ರತಿ ತಿಂಗಳು ಅವಳೇ ಅಳಿಸಿ ಹೊಸದು ಬರೆಯುತ್ತಾಳೆ.